ನಾನು ಆರಿಸಿದ ಸಾಗವಾನಿ ಹಲಗೆ

ಹಲಗೆ ಆರಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವ ಗಂಡಸು ಚಿಕ್ಕೋಡಿ, ರಾಯಬಾಗ, ಅಥಣಿ ಈ ಮೂರೂ ತಾಲೂಕುಗಳಲ್ಲಿ ಇನ್ನೂ ಹುಟ್ಟಿಲ್ಲ ಎಂದು ೧೯೮೯ರ ಕಾರಹುಣ್ಣಿಮೆಗೆ ಒಂದು ವಾರ ಮುಂಚೆ ನಾನು ಘೋಷಿಸಿದೆ. ಘೋಷಿಸಿದ್ದು ನಮ್ಮ ಅಡುಗೆಮನೆಯಲ್ಲಿ. ಸಭೆಯಲ್ಲಿ ಇದ್ದವರು ಇಬ್ಬರು. ಒಬ್ಬಳು ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಿರಿಜವ್ವ. ಇನ್ನೊಬ್ಬಳು ಪಡಸಾಲೆಯಲ್ಲಿ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದ ಅವಳ ದೊಡ್ಡವ್ವ, ಕೆಂಚವ್ವ. ಗಿರಿಜಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದಳು. ದೊಡ್ಡವ್ವ ಮಾತ್ರ ಮಲಗಿದಲ್ಲಿಂದಲೇ "ಹೂಂ" ಅಂದಳು. ನನಗೆ ಅಷ್ಟು ಸಾಕಾಗಿತ್ತು!

ಯಾವ ಹಲಗೆ ಅಂತೀರಾ? ಹೇಳುತ್ತೇನೆ. ಆಗೆಲ್ಲ ಅಂಕಲಿಯ ನಮ್ಮ ಓಣಿಯವರು ಕಾರಹುಣ್ಣಿಮೆಯ ಮರುದಿನ ಹೊಳೆದಂಡೆಯ ಹೊಲವೊಂದಕ್ಕೆ ಪಂಪಿನ ನೀರು ಬಿಟ್ಟು, ತುಳಿಸಿ, ಮೊಣಕಾಲುದ್ದ ಕೆಸರು ಮಾಡುತ್ತಿದ್ದರು. ಜೋಡಿ ಎತ್ತು, ಅವುಗಳ ಹಿಂದೆ ಹಗ್ಗದಲ್ಲಿ ಕಟ್ಟಿದ ಒಂದು ಮರದ ಹಲಗೆ, ಹಲಗೆಯ ಮೇಲೆ ಒಬ್ಬ ಮನುಷ್ಯ. ಹೊಲದ ಈ ಬದುವಿನಿಂದ ಆ ಬದುವಿಗೆ ಯಾರು ಮೊದಲು ಮುಟ್ಟುತ್ತಾರೋ ಅವರಿಗೆ ತೆಂಗಿನಕಾಯಿ ಮತ್ತು ರುಮಾಲು. ಇದು ನಮ್ಮ ಕೆಸರಿನ ಶರ್ಯತ್ತು. ನಮ್ಮ ಪಕ್ಕದ ಮನೆಯ ಲಗಮಣ್ಣನ ಎತ್ತುಗಳು ಹೆಸರಾದವು. ಆದರೆ ಅವನ ಹಲಗೆಯ ಮೇಲೆ ನಿಲ್ಲುತ್ತಿದ್ದ ಅಳಿಯ ಆ ವರ್ಷ ದ್ರಾಕ್ಷಿ ಚಪ್ಪರದಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಲಗಮಣ್ಣ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ನಾನು ಎದೆ ತಟ್ಟಿಕೊಂಡು ಮುಂದೆ ಬಂದೆ. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಘರ್ಷಣೆ, ವೇಗ, ಗುರುತ್ವಕೇಂದ್ರ ಮೂರನ್ನೂ ಹನ್ನೊಂದು ವರ್ಷ ಕರಿಹಲಗೆಯ ಮೇಲೆ ಗೆದ್ದವನು, ಕೆಸರಿನಲ್ಲಿ ಸೋಲುವುದುಂಟೇ?

ಲಗಮಣ್ಣ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಬೇರೆ ಯಾರೂ ಸಿಕ್ಕಿರಲಿಲ್ಲವಾದ್ದರಿಂದ ಒಪ್ಪಿದ.

ಆ ರಾತ್ರಿ ಊಟಕ್ಕೆ ಬಡಿಸುವಾಗ ಗಿರಿಜಾ ನನ್ನ ಎದುರು ಕೂತಳು. ಅವಳು ಹಾಗೆ ಕೂಡುವವಳಲ್ಲ. ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡ ಮೇಲೆ ಅವಳನ್ನು ಬೆಳೆಸಿದವಳು ದೊಡ್ಡವ್ವ. ಮಕ್ಕಳಿಲ್ಲದ ವಿಧವೆ, ಕೈಯಲ್ಲಿದ್ದದ್ದನ್ನೆಲ್ಲ ಈ ಹುಡುಗಿಗೆ ಸುರಿದವಳು. ನಾವು ಇದ್ದದ್ದೂ ಅವಳ ಮನೆಯಲ್ಲೇ. ಚಿಕ್ಕೋಡಿಯ ಡಾಕ್ಟರು ಔಷಧ ಬರೆಯುವುದನ್ನು ಬಿಟ್ಟು, ಬೇಕೆಂದದ್ದನ್ನು ತಿನ್ನಲು ಕೊಡಿ ಎಂದು ಹೇಳಿ ಕಳಿಸಿ ಆಗಲೇ ಹದಿನೈದು ದಿನವಾಗಿತ್ತು.

"ಎರಡ ದಿನ ಆತು, ಅಂಬಲಿನೂ ನುಂಗವಲ್ಲಳು," ಎಂದಳು ಗಿರಿಜಾ. "ಶರ್ಯತ್ತಿನ ದಿನ ಮನಿಯಾಗ ಇರ್ರಿ. ನಾ ಒಬ್ಬಾಕಿ ಇರಾಕ ಅಂಜಿಕಿ ಆಗತೈತಿ. ಮತ್ತೇನೂ ಕೇಳೂದಿಲ್ಲ ನಿಮಗ."

ನಾನು ಅವಳಿಗೆ ಸಮಯಪಾಲನೆಯ ಮೇಲೆ ಒಂದು ಭಾಷಣ ಕೊಟ್ಟೆ. ಒಂಬತ್ತಕ್ಕೆ ಶರ್ಯತ್ತು, ಹನ್ನೊಂದಕ್ಕೆ ರುಮಾಲು ಸುತ್ತಿಕೊಂಡು ಮನೆಯಲ್ಲಿ ಹಾಜರು, ನಡುವೆ ಬರೀ ಎರಡು ತಾಸು, ಎರಡು ತಾಸಿನಲ್ಲಿ ಏನಾಗುತ್ತದೆ ಎಂದು ಕೇಳಿದೆ. ಅವಳು ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಎದ್ದುಹೋದಳು. ಅವಳು ಕೇಳಿದ್ದು ಅದೊಂದೇ. ನಾನು ಕೊಡದೇ ಇದ್ದದ್ದೂ ಅದೊಂದೇ.

ಮರುದಿನದಿಂದ ಸಂಶೋಧನೆ ಆರಂಭ! ಹಲಗೆಯಲ್ಲಿ ನೋಡಬೇಕಾದದ್ದು ಮೂರು. ಒಂದು, ತಳ. ಎರಡು, ಅಳತೆ. ಮೂರು, ಮೇಲೆ ನಿಲ್ಲುವವನ ನಿಲುವು. ಲಗಮಣ್ಣನ ಹಳೆಯ ಹಲಗೆ ಜಾಲಿಯ ಮರದ್ದು, ತಳ ಗಂಟುಗಂಟು, ಕೆಸರನ್ನು ಬಾಚಿ ಹಿಡಿಯುವಂಥದ್ದು. ಹೊಲ ಸಪಾಟು ಮಾಡಲು ಸೈ, ಓಡಲು ಅಲ್ಲ. ಬಡಿಗೇರ ತೋರಿಸಿದ ಮಾವಿನ ಹಲಗೆ ಹಗುರ, ಆದರೆ ನೀರು ಕುಡಿದು ಅರ್ಧ ದಾರಿಯಲ್ಲಿ ಭಾರವಾಗುತ್ತದೆ. ಬೇವಿನದು ಉದ್ದವಾಯಿತು, ತಿರುವಿನಲ್ಲಿ ಎತ್ತಿನ ಕಾಲಿಗೆ ಬಡಿಯುತ್ತದೆ. ಇನ್ನು ನಿಲುವು. ಲಗಮಣ್ಣನ ಅಳಿಯ ಕುಕ್ಕರಗಾಲಲ್ಲಿ ಕೂತು ಎತ್ತಿನ ಬಾಲ ಹಿಡಿಯುತ್ತಿದ್ದ. ಅವೈಜ್ಞಾನಿಕ! ನಾನು ಎಡಗಾಲು ಮುಂದೆ, ಬಲಗಾಲು ಓರೆಯಾಗಿ ಹಿಂದೆ, ಮೈ ನೆಟ್ಟಗೆ, ಕೈಯಲ್ಲಿ ಹಗ್ಗ, ಹೀಗೆ ರಥವೇರಿದ ಅರ್ಜುನನಂತೆ ನಿಲ್ಲುವುದೆಂದು ತೀರ್ಮಾನಿಸಿದೆ.

ನಿಲುವನ್ನು ಪರೀಕ್ಷಿಸಲು ಅಂಗಳದ ಹಾಸುಗಲ್ಲಿನ ಮೇಲೆ ನಾಲ್ಕು ಕೊಡ ನೀರು ಸುರಿದು, ಊಟದ ಮಣೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಅರ್ಜುನನಾದೆ. ಮಣೆ ನನ್ನನ್ನು ಕೇಳದೆ ಹೊರಟಿತು. ನಾನು ನೇರವಾಗಿ ಹೋಗಿ ಸಗಣಿ ಕುಳ್ಳಿನ ಒಟ್ಟಿಲಿಗೆ ಅಪ್ಪಳಿಸಿದೆ, ಗಿರಿಜಾ ತಿಂಗಳಿಡೀ ತಟ್ಟಿದ ಕುಳ್ಳು ಒಂದೊಂದಾಗಿ ನನ್ನ ತಲೆಯ ಮೇಲೆ ಬಿದ್ದವು. ತೆರೆದ ಬಾಗಿಲಿನಿಂದ ಇದನ್ನು ನೋಡಿದ ದೊಡ್ಡವ್ವ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಹತ್ತಿತು, ಕೆಮ್ಮಿ ಕೆಮ್ಮಿ ಉಸಿರು ಸಿಕ್ಕಿಕೊಂಡಿತು. ಗಿರಿಜಾ ಓಡಿಬಂದು ಅವಳನ್ನು ಎತ್ತಿ ಕೂಡಿಸಿ ಬೆನ್ನು ತಿಕ್ಕಿದಳು. ತಿಕ್ಕುತ್ತ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟಕ್ಕೆ ಹೆದರಿ ನಾನು ಒಟ್ಟಿಲನ್ನು ಮತ್ತೆ ಒಟ್ಟಿದೆ.

ಕಾರಹುಣ್ಣಿಮೆಯ ದಿನ ಮಧ್ಯಾಹ್ನ, ಎಲ್ಲರೂ ಹೋಳಿಗೆ ಉಂಡು ಅಡ್ಡಾದಾಗ, ನನಗೆ ಆ ಹಲಗೆ ಸಿಕ್ಕಿತು. ಓಣಿಯ ಬಸವಣ್ಣನ ಗುಡಿಯ ಹಿಂದಿನ ಸಣ್ಣ ಛಾವಣಿಯಲ್ಲಿ, ಗೋಡೆಗೆ ಆನಿಸಿ ಇಟ್ಟಿದ್ದರು. ಸಾಗವಾನಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ. ಒಂದು ಮೈ ಕನ್ನಡಿಯಷ್ಟು ನುಣುಪು. ಇನ್ನೊಂದು ಮೈಯಲ್ಲಿ ನಡುವೆ ಸ್ವಲ್ಪವೇ ತಗ್ಗು, ನನ್ನ ಎರಡು ಪಾದಗಳಿಗೆಂದೇ ಕೆತ್ತಿದಂತೆ. ತುದಿಯಲ್ಲಿ ಎರಡು ತೂತು, ಹಗ್ಗಕ್ಕೆಂದೇ ಕೊರೆದಂತೆ. ಅಲ್ಲೇ ಚಪ್ಪಲಿ ಬಿಟ್ಟು ಹತ್ತಿ ನಿಂತು ನೋಡಿದೆ. ತಳ, ಅಳತೆ, ನಿಲುವು ಮೂರಕ್ಕೂ ನೂರಕ್ಕೆ ನೂರು! ಗುಡಿಯನ್ನು ನೋಡಿಕೊಳ್ಳುವ ಧೂಳಪ್ಪ ಊಟಕ್ಕೆ ಹೋಗಿದ್ದ. ನಾಳೆ ಸಂಜೆಯೊಳಗೆ ತಂದಿಟ್ಟರಾಯಿತು ಎಂದುಕೊಂಡು ಗೋಣಿಚೀಲದಲ್ಲಿ ಸುತ್ತಿ ಹೊತ್ತುಕೊಂಡು ಬಂದೆ.

ಅದು ಎಂಥ ಹಲಗೆ ಎಂದು ನಿಮಗೆ ಈಗಲೇ ಹೇಳಿಬಿಡುತ್ತೇನೆ. ನನಗೆ ಗೊತ್ತಾದದ್ದು ಮಾತ್ರ ಮರುದಿನ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮೈ ಬಿರುಸಾಗುವ ಮುಂಚೆ ಚಕ್ಕಳಮಕ್ಕಳ ಹಾಕಿಸಿ, ಬೆನ್ನಿಗೆ ಆಸರೆ ಕೊಟ್ಟು, ಹಣೆಯ ಮೇಲಿಂದ ಬಿಳಿಯ ಬಟ್ಟೆ ಕಟ್ಟಿ, ಮಣ್ಣಿಗೆ ಒಯ್ಯುವವರೆಗೆ ಹಾಗೆಯೇ ಕೂಡಿಸಿ ಭಜನೆ ಮಾಡುತ್ತಾರೆ. ನಾನು ಬೆಳೆದ ನಿಪ್ಪಾಣಿಯ ಓಣಿಯಲ್ಲಿ ಇದಕ್ಕೆ ಕೈಯಿಲ್ಲದ ಖುರ್ಚಿ ಬಳಸುತ್ತಿದ್ದರು. ಇಲ್ಲಿ ಬಳಸುತ್ತಿದ್ದದ್ದು ಈ ಹಲಗೆ. ಧೂಳಪ್ಪನ ಅಜ್ಜನ ಕಾಲದಿಂದ ಓಣಿಯಲ್ಲಿ ಸತ್ತ ಪ್ರತಿಯೊಬ್ಬರ ಬೆನ್ನು ತಾಗಿ ಆ ತಗ್ಗು ಬಿದ್ದಿತ್ತು. ಆ ಎರಡು ತೂತು ಬಟ್ಟೆ ಕಟ್ಟಲಿಕ್ಕೆ. ಓಣಿಯವರಿಗೆಲ್ಲ ಇದು ಗೊತ್ತಿತ್ತು. ಗೊತ್ತಿಲ್ಲದವನು, ಸತ್ತವರ ಮನೆಗೆ ಹೋದರೂ ಹೊರಗಿನ ಕಟ್ಟೆಯ ಮೇಲೆ ಭಾಷಣ ಮಾಡುತ್ತ ಕೂಡುತ್ತಿದ್ದ ವಿಜ್ಞಾನದ ಮಾಸ್ತರ ಒಬ್ಬನೇ.

ದೊಡ್ಡವ್ವನಿಗಂತೂ ಗೊತ್ತಿತ್ತು. ಅವಳ ಗಂಡನನ್ನು ಒರಗಿಸಿದ್ದು ಅದಕ್ಕೇ. ಗಿರಿಜಾ ಬಾವಿಗೆ ಹೋಗಿದ್ದಾಗ ನಾನು ಗೋಣಿಚೀಲ ಬಿಚ್ಚಿ ಹಲಗೆಯನ್ನು ದೊಡ್ಡವ್ವನ ಹಾಸಿಗೆಯ ಪಕ್ಕ ಹಿಡಿದೆ. ಮೆಚ್ಚುಗೆಗಾಗಿ ಹಿಡಿದೆ! ಅವಳು ಬಹಳ ಹೊತ್ತು ನೋಡಿದಳು. ಒಣಗಿದ ಕೈಯನ್ನು ಆ ತಗ್ಗಿನ ಮೇಲೆ ಮೆಲ್ಲಗೆ ಆಡಿಸಿದಳು.

"ಚಲೋ ಹಲಗಿ ಹಿಡದೀರಿ ಮಾಸ್ತರ," ಎಂದಳು. "ಇದು ಇನ್ನೂತನಕ ಯಾರನೂ ಕೆಡವಿಲ್ಲ. ಲಗೂ ತಂದ ಇಟ್ಟಬಿಡ್ರಿ."

ನಾನು ನೀನೂ ಹತ್ತುತ್ತೀಯೇನು ದೊಡ್ಡವ್ವ ಎಂದು ಚೇಷ್ಟೆ ಮಾಡಿದೆ. ಅವಳು ನಕ್ಕಳು. ಅವಳು ಯಾಕೆ ಹೇಳಲಿಲ್ಲವೋ ನನಗೆ ಇಂದಿಗೂ ತಿಳಿಯದು. ನನ್ನ ಉತ್ಸಾಹಕ್ಕೆ ನೀರೆರಚುವ ಮನಸ್ಸಾಗಲಿಲ್ಲವೋ, ಹಲಗೆ ದೂರ ಹೋದರೆ ತನ್ನ ದಿನವೂ ಒಂದಿಷ್ಟು ದೂರ ಹೋದೀತು ಎಂದುಕೊಂಡಳೋ. ಆಮೇಲೆ ನಾನು ಅವಳಿಗೆ ಘರ್ಷಣೆಯ ನಿಯಮವನ್ನು ವಿವರಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಪ್ರತಿ ಮಾತಿಗೂ "ಹೂಂ, ಹೂಂ" ಎಂದು ತಲೆಯಾಡಿಸಿದಳು. ನನ್ನ ಪಾಠವನ್ನು ಕೊನೆಯವರೆಗೆ ಕೇಳಿದ ಜೀವ ಅದೊಂದೇ.

ಶರ್ಯತ್ತಿನ ಬೆಳಿಗ್ಗೆ ಊರಿನ ಗಂಡಸರೆಲ್ಲ ಹೊಳೆದಂಡೆಯಲ್ಲಿದ್ದರು. ಒಂಬತ್ತಕ್ಕೆ ಎಂದದ್ದು ಹತ್ತೂವರೆಯಾಯಿತು, ಹತ್ತೂವರೆ ಎಂದದ್ದು ಹನ್ನೊಂದಾಯಿತು. ಹನ್ನೊಂದಕ್ಕೆ ಮನೆಯಲ್ಲಿರುತ್ತೇನೆ ಎಂದ ಮಾತು ಒಮ್ಮೆ ನೆನಪಾಯಿತು. ಆದರೆ ಅಷ್ಟರಲ್ಲಿ ನಾನು ಚೀಲದಲ್ಲೇ ಹಗ್ಗ ಬಿಗಿದು ತಂದಿದ್ದ ಹಲಗೆಯನ್ನು ಲಗಮಣ್ಣ ಎತ್ತುಗಳಿಗೆ ಕಟ್ಟಿ, ಗೋಣಿಚೀಲ ತೆಗೆದಿದ್ದ. ಹಲಗೆಯನ್ನು ಕಂಡು ಅವನ ಮುಖ ಒಂದು ಥರ ಆಯಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪಂಚರು ಸೀಟಿ ಊದಿದರು, ಎತ್ತುಗಳು ಜಿಗಿದವು!

ಆಹಾ, ಏನು ಹೇಳಲಿ! ಹಲಗೆ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಎಡಗಾಲು ಮುಂದೆ, ಬಲಗಾಲು ಓರೆ, ಮೈ ನೆಟ್ಟಗೆ. ಎರಡೂ ಕಡೆ ಕೆಸರು ಎದ್ದಿತು, ದಂಡೆಯ ಮೇಲಿನ ಜನ ಕೂಗಿದರು, ಪಕ್ಕದ ಜೋಡಿಗಳು ಹಿಂದೆ ಬಿದ್ದವು. ಅರ್ಜುನನಿಗೂ ಅಂಥ ರಥ ಸಿಕ್ಕಿರಲಿಕ್ಕಿಲ್ಲ. ನನ್ನ ಜೀವನದಲ್ಲಿ ವಿಜ್ಞಾನವೂ ನಾನೂ ಒಂದಾಗಿದ್ದ ಕ್ಷಣಗಳು ಅವು. ಆಮೇಲೆ ಲೆಕ್ಕ ಹಾಕಿ ನೋಡಿದ್ದೇನೆ, ಹನ್ನೆರಡು ಸೆಕೆಂಡು ಇರಬಹುದು. ಹದಿಮೂರನೆಯ ಸೆಕೆಂಡಿಗೆ ನನ್ನ ಗುರುತ್ವಕೇಂದ್ರ ನನ್ನನ್ನು ಬಿಟ್ಟು ಬೇರೆ ಕಡೆ ಹೋಯಿತು. ನಾನು ಅಂಗಾತ ಕೆಸರಿಗೆ ಬಿದ್ದೆ. ಹಲಗೆ ಮಾತ್ರ ನಿಲ್ಲಲಿಲ್ಲ. ಭಾರ ಇಳಿದ ಖುಷಿಗೆ ಎತ್ತುಗಳು ಇನ್ನೂ ಜೋರಾಗಿ ಓಡಿ, ಎಲ್ಲರಿಗಿಂತ ಮೊದಲು ಆ ಬದು ಮುಟ್ಟಿ, ಅಲ್ಲಿಗೂ ಸಾಲದೆ ಬದುವಿನ ಕಲ್ಲಿನ ಮೇಲೆ ಹಲಗೆಯನ್ನು ಎಳೆದುಕೊಂಡು ಹಾರಿ ಕಬ್ಬಿನೊಳಗೆ ಹೋದವು. ಕಲ್ಲಿಗೆ ಬಡಿದ ಹಲಗೆ ಉದ್ದಕ್ಕೆ ಎರಡಾಗಿ ಸೀಳಿದ ಸದ್ದು ನನಗೆ ಕೆಸರಿನೊಳಗಿಂದಲೇ ಕೇಳಿಸಿತು.

ಬಾಯಿಯೊಳಗಿನ ಕೆಸರು ಉಗುಳಿ ಎದ್ದಾಗ ಎದುರಿಗೆ ಸೈಕಲ್ ಹಿಡಿದು ಧೂಳಪ್ಪ ನಿಂತಿದ್ದ. ನನ್ನನ್ನು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಕೆಂಚವ್ವ ಹೋದಳ್ರಿ ಮಾಸ್ತರ," ಎಂದ. "ಹತ್ತರ ಸುಮಾರಿಗೆ. ಗುಡಿ ಹಿಂದಿನ ಹಲಗಿ ಯಾರೋ ಒಯ್ದಾರ, ಅದನ್ನ ಹುಡಕಾಕತ್ತೀನಿ. ಆಕೀನ ಕೂಡಸಾಕ ಆಸರಿ ಇಲ್ಲ."

ಆಗ ಲಗಮಣ್ಣ ಕಬ್ಬಿನೊಳಗಿಂದ ಹಲಗೆಯ ಎರಡು ಸೀಳನ್ನು ಎರಡು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ. ಧೂಳಪ್ಪ ಸೀಳುಗಳನ್ನು ನೋಡಿದ, ನನ್ನನ್ನು ನೋಡಿದ. ಸೈಕಲ್ ತಿರುಗಿಸಿ, ಹಿಂದಿನ ಸೀಟಿನ ಮೇಲೆ ಕೂಡಲು ನನಗೆ ಕೈಸನ್ನೆ ಮಾಡಿದ. ಬೈದಿದ್ದರೆ ಬದುಕುತ್ತಿದ್ದೆ.

ದಾರಿಯಲ್ಲಿ ನಾನು ಲಗಮಣ್ಣನ ಜಾಲಿ ಹಲಗೆ ತರಿಸೋಣವೇ ಎಂದು ಕೇಳಿದೆ. ಎತ್ತಿನ ಹಿಂದೆ ಓಡಾಡಿದ ಹಲಗೆಗೆ ಕೆಂಚವ್ವನನ್ನು ಒರಗಿಸುತ್ತೀರೇನು ಎಂದು ಅವನು ಮೆಲ್ಲಗೆ ಕೇಳಿದ. ಬಡಿಗೇರನನ್ನು ಕರೆಸೋಣವೇ ಎಂದೆ. ಬಡಿಗೇರ ಶರ್ಯತ್ತಿನಲ್ಲಿ ಪಂಚನಾಗಿ ಕೂತಿದ್ದಾನೆ, ಅವನು ಬಂದು ಕೊಯ್ದು ಕೆತ್ತುವವರೆಗೆ ಹೆಣ ಕಾಯುವುದಿಲ್ಲ ಎಂದ. ಮತ್ತೆ ನಾನು ಯಾವ ಸಲಹೆಯನ್ನೂ ಕೊಡಲಿಲ್ಲ.

ಮನೆ ತುಂಬ ಹೆಂಗಸರಿದ್ದರು. ನನಗೆ ದಾರಿ ಬಿಟ್ಟರು, ದುಃಖಕ್ಕಲ್ಲ, ಕೆಸರಿಗೆ. ಪಡಸಾಲೆಯ ಗೋಡೆ ಮಳೆಗೆ ನೆನೆದು ಮಣ್ಣು ಉದುರುತ್ತಿತ್ತು, ಅದಕ್ಕೆ ಒರಗಿಸಿ ನೋಡಿದ್ದರಂತೆ, ದೊಡ್ಡವ್ವ ಪಕ್ಕಕ್ಕೆ ಜಾರಿದ್ದಳಂತೆ. ಒನಕೆ ಕೊಟ್ಟು ನೋಡಿದ್ದರಂತೆ, ಅದೂ ನಿಲ್ಲಲಿಲ್ಲ. ಕೊನೆಗೆ ಗಿರಿಜಾ ತಾನೇ ಹಿಂದೆ ಕೂತಿದ್ದಳು. ಗೋಡೆಗೆ ಇವಳ ಬೆನ್ನು, ಇವಳ ಎದೆಗೆ ದೊಡ್ಡವ್ವನ ಬೆನ್ನು, ಸುತ್ತಲೂ ಇವಳ ಎರಡು ಕೈ. ದೊಡ್ಡವ್ವನ ತಲೆ ಇವಳ ಕತ್ತಿನ ಹತ್ತಿರ ಒರಗಿತ್ತು, ಮಗು ಎತ್ತಿಕೊಂಡವರ ಹೆಗಲ ಮೇಲೆ ಒರಗುವಂತೆ. ಬೇರೆ ಯಾರಿಗೂ ಬಿಟ್ಟುಕೊಡದೆ ಎರಡು ತಾಸಿನಿಂದ ಹಾಗೇ ಕೂತಿದ್ದಳಂತೆ. ಎರಡು ತಾಸಿನಲ್ಲಿ ಏನಾಗುತ್ತದೆ ಎಂದು ಕೇಳಿದವನು ನಾನು.

ಅವಳು ನನ್ನನ್ನು ನೋಡಿದಳು. ಅಳು ಎಲ್ಲ ಅತ್ತು ಮುಗಿದಂಥ ಮುಖ. ಹಲಗೆ ಒಡೆಯಿತು ಎಂದು ನಾನು ಹೇಳಿದೆ.

"ನನ್ನ ಕಾಲ ಸತ್ತಾವ್ರಿ," ಎಂದಳು. "ಮೈ ತೊಳಕೊಂಡ ಬರ್ರಿ. ಇಲ್ಲಿ ಕುಂದರ್ರಿ."

ನಾನು ಎರಡು ಕೊಡ ನೀರು ಸುರಿದುಕೊಂಡು, ಒಗೆದ ಧೋತರ ಸುತ್ತಿಕೊಂಡು ಬಂದು ಅವಳ ಜಾಗದಲ್ಲಿ ಕೂತೆ. ಹೆಂಗಸರು ದೊಡ್ಡವ್ವನನ್ನು ನನ್ನ ಎದೆಗೆ ಒರಗಿಸಿದರು. ಹಲಗೆಗೆ ಕೂಡಿಸುವ ಮುಂಚೆ ವಿಭೂತಿ ಹಚ್ಚುವುದು ಪದ್ಧತಿಯಂತೆ, ಧೂಳಪ್ಪ ಪದ್ಧತಿ ಬಿಡುವವನಲ್ಲ, ನನ್ನ ಎದೆಗೂ ಭುಜಕ್ಕೂ ಮೂರು ಬೆರಳು ವಿಭೂತಿ ಎಳೆದ. ಬಿಳಿಯ ಬಟ್ಟೆಯನ್ನು ಅವಳ ಹಣೆಯ ಮೇಲಿಂದ ತಂದು ನನ್ನ ಕತ್ತಿನ ಹಿಂದೆ ಕಟ್ಟಿದ. ಹೀಗೆ ಹಲಗೆ ಆರಿಸುವ ವಿದ್ಯೆಯಲ್ಲಿ ಮೂರು ತಾಲೂಕಿಗೆ ಮಿಗಿಲಾದ ನಾನು ಮಧ್ಯಾಹ್ನ ಒಂದು ಗಂಟೆಗೆ ಸ್ವತಃ ಹಲಗೆಯಾದೆ.

ಗಿರಿಜಾಳ ಅಣ್ಣ ಹಾರೂಗೇರಿಯಿಂದ ಬಸ್ಸು ಹಿಡಿದು ಬರುವವರೆಗೆ ಕಾಯಬೇಕಾಗಿತ್ತು. ಜನ ಬಂದರು. ದೊಡ್ಡವ್ವನ ಪಾದಕ್ಕೆ ಹಣೆ ಹಚ್ಚಿದರು, ಏಳುವಾಗ ಅವಳ ಹೆಗಲ ಮೇಲೆ ಇನ್ನೊಂದು ಮುಖ ಕಂಡು ಬೆಚ್ಚಿದರು. ಕಣ್ಣು ಮಂಜಾದ ಒಬ್ಬ ಮುದುಕಿ ನನ್ನ ಕೊರಳಿಗೂ ಒಂದು ಹಾರ ಹಾಕಿ ಹೋದಳು. ತೆಗೆಯಲು ನನ್ನ ಕೈ ಖಾಲಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಲಗಮಣ್ಣ ಬಂದ. ತೆಂಗಿನಕಾಯಿಯನ್ನು ದೊಡ್ಡವ್ವನ ಪಾದದ ಹತ್ತಿರ ಇಟ್ಟು, ಕಣ್ಣೊರೆಸಿಕೊಂಡು, ನನ್ನ ಕಿವಿಯ ಹತ್ತಿರ ಬಾಗಿದ.

"ನಮಗ ಬಂತ್ರಿ ಮಾಸ್ತರ. ಹಲಗಿ ಮುಟ್ಟಿದ್ದ ಖರೆ ಅಂದ್ರು ಪಂಚರು. ಮ್ಯಾಲ ಮನಶಾ ಇದ್ದನೋ ಇಲ್ಲೋ, ಯಾರೂ ಕೇಳಲಿಲ್ಲ."

ದೊಡ್ಡವ್ವ ಹಗುರವಿದ್ದಳು. ಇಷ್ಟು ಹಗುರದ ಜೀವ ಎರಡು ತಿಂಗಳು ನನ್ನ ಮಾತಿನ ಭಾರವನ್ನೆಲ್ಲ ಹೇಗೆ ಹೊತ್ತಿತೋ. ಅವಳ ಕೂದಲಿನ ಎಣ್ಣೆಯ ವಾಸನೆ ನನ್ನ ಮೂಗಿನ ಹತ್ತಿರವೇ ಇತ್ತು. ಬೆಳಿಗ್ಗೆ ಹತ್ತಕ್ಕೆ, ನಾನು ಕೆಸರಿನ ದಂಡೆಯಲ್ಲಿ ತೊಡೆ ತಟ್ಟುತ್ತಿದ್ದಾಗ, ಅವಳು ಒಮ್ಮೆ ಕಣ್ಣು ತೆರೆದು ಮಾಸ್ತರ ಬಂದರೇ ಎಂದು ಕೇಳಿದಳಂತೆ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಆಗ ನನಗೆ ಅಳು ಬಂತು. ತಡೆಯಲಾಗಲಿಲ್ಲ. ನಾನು ಬಿಕ್ಕಿದಾಗಲೆಲ್ಲ ನನ್ನ ಎದೆ ಅಲುಗಿತು, ಎದೆ ಅಲುಗಿದಾಗಲೆಲ್ಲ ದೊಡ್ಡವ್ವನ ತಲೆ ಅಲುಗಿತು. ನಾನು ಏನೋ ದೊಡ್ಡ ಮಾತು ಹೇಳುತ್ತಿದ್ದೇನೆ, ಅವಳು ಹೂಂ, ಹೂಂ ಅನ್ನುತ್ತಿದ್ದಾಳೆ ಎಂಬ ಹಾಗೆ. ಭಜನೆಯವರು ಹಾಡು ನಿಲ್ಲಿಸಿ ನೋಡಿದರು.

ಗಿರಿಜಾ ಹತ್ತಿರ ಬಂದು ಕೂತು, ಅವಳ ತಲೆಯನ್ನು ಒಂದು ಕೈಯಿಂದ ಹಿಡಿದಳು.

"ಅಳಬ್ಯಾಡ್ರಿ," ಎಂದಳು. "ಆಕಿ ಅಲುಗ್ಯಾಡ್ತಾಳ."

ಮತ್ತೆ ನಾನು ಅಳಲಿಲ್ಲ. ಅಳದೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಯಾವ ಪುಸ್ತಕದಲ್ಲೂ ಓದಿದ ನೆನಪಿಲ್ಲ. ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಮೊದಲು ಪಾದ ಜೋಮು ಹಿಡಿಯಿತು, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಒಂದು ನೊಣ ನನ್ನ ಮೂಗಿನ ಮೇಲೆ ಅರ್ಧ ತಾಸು ಕೂತು, ಬೇಸರವಾಗಿ ಎದ್ದುಹೋಯಿತು. ಅಣ್ಣ ಬಂದ, ಅತ್ತ. ಐದರ ಸುಮಾರಿಗೆ, ಅವಳನ್ನು ಕೂಡಿಸಿ ಮಣ್ಣಿಗೆ ಒಯ್ಯುವ ಬಿದಿರಿನ ವಿಮಾನ ಸಿದ್ಧವಾಯಿತು. ಧೂಳಪ್ಪ ನನ್ನ ಕತ್ತಿನ ಹಿಂದಿನ ಗಂಟು ಬಿಚ್ಚಿದ. ನಾಲ್ಕು ಜನ ದೊಡ್ಡವ್ವನನ್ನು ಕೂತ ಹಾಗೆಯೇ ಎತ್ತಿಕೊಂಡರು. ಎದೆಯ ಮೇಲಿನ ಭಾರ ಹೋಯಿತು, ಅಷ್ಟು ಹೊತ್ತು ಬೆಚ್ಚಗಿದ್ದ ಜಾಗಕ್ಕೆ ಗಾಳಿ ತಾಗಿತು.

ಎಲ್ಲರೂ ವಿಮಾನದ ಹಿಂದೆ ಹೋದರು. ನನಗೆ ಏಳಲಾಗಲಿಲ್ಲ. ಕಾಲು ಇದ್ದ ಕಡೆ ಕಾಲು ಇದ್ದಂತೆಯೇ ಇರಲಿಲ್ಲ. ಕೈಗಳು ಇನ್ನೂ ಯಾರನ್ನೋ ಹಿಡಿದಂತೆಯೇ ಎದುರಿಗೆ ಚಾಚಿದ್ದವು. ಮಣ್ಣು ಕೊಡಲೂ ಹೋಗಲಾಗದೆ ಖಾಲಿ ಪಡಸಾಲೆಯಲ್ಲಿ ಕೊರಳಿಗೆ ಹಾರ ಹಾಕಿಕೊಂಡು ಕೂತಿದ್ದೆ. ಬಾಗಿಲಿನವರೆಗೆ ಹೋಗಿದ್ದ ಧೂಳಪ್ಪ ತಿರುಗಿ, ಹೊಸ್ತಿಲಲ್ಲಿ ಉಳಿದಿದ್ದ ಗಿರಿಜಾಳಿಗೆ ಹೇಳಿದ, ಆಸರೆ ಕೊಟ್ಟದ್ದನ್ನು ಕೂತಲ್ಲೇ ತೊಳೆಯಬೇಕು, ತೊಳೆಯದೆ ಎತ್ತಿಡಬಾರದು, ಅದು ಮೊದಲಿನಿಂದ ಬಂದ ಪದ್ಧತಿ. ಹೇಳುವಾಗ ಅವನ ಮುಖದಲ್ಲಿ ನಗು ಇರಲಿಲ್ಲ.

ಗಿರಿಜಾ ಬಚ್ಚಲಿಗೆ ಹೋಗಿ ಒಂದು ಕೊಡ ನೀರು ತಂದಳು. ನಿಧಾನವಾಗಿ, ತಲೆಯಿಂದ ಹಿಡಿದು, ನನ್ನ ಮೇಲೆ ಸುರಿದಳು. ವಿಭೂತಿ ಕರಗಿ ಇಳಿಯಿತು. ಇನ್ನೊಂದು ಕೊಡ ತಂದಳು. ಸುರಿಯುವ ಮುಂಚೆ ಅದನ್ನು ಸೊಂಟದ ಮೇಲೆ ಇಟ್ಟುಕೊಂಡು ನನ್ನ ಕೊರಳಿನ ಹಾರ ತೆಗೆದಳು.

"ನಿಮ್ಮನ್ನ ನನಗ ಆರಿಸಿದಾಕಿ ಆಕೀನ," ಎಂದಳು. "ನಿಪ್ಪಾಣಿಗೆ ಹೋಗಿ ನೋಡಿ, ಈ ಮಾಸ್ತರನ ಇರಲಿ ಅಂದಿದ್ಲು. ಎಂಟು ವರಸ ಆತು, ಯಾಕ ಅಂದ್ಲೋ ನನಗ ತಿಳೀಲಿಲ್ಲ. ಇವತ್ತ ಒಂದಿನ ಬರೋಬರಿ ಕುಂತ್ರಿ ನೋಡ್ರಿ."